ಸಮವಸ್ತ್ರ ಕಳಚಿದ ಮೇಲೆ ಎರಡನೆಯ ನೌಕರಿ: ಮಾಜಿ ಸೈನಿಕರು ತಿಳಿದಿರಬೇಕಾದ ನಿಯಮಗಳು, ಮಾಡಿಕೊಳ್ಳಬೇಕಾದ ತಯಾರಿ

ಹತ್ತೊಂಬತ್ತನೇ ವಯಸ್ಸಿಗೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲೋ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲೋ ತರಬೇತಿಗೆ ಸೇರಿದ ಯುವಕನೊಬ್ಬ, ಕೊನೆಯ ಎರಡು ವರ್ಷಗಳ ವಿಸ್ತರಣೆಯೂ ಸೇರಿದಂತೆ, ಸಿಪಾಯಿಯಾಗಿಯೇ ಉಳಿದರೆ 19 ವರ್ಷ, ನಾಯಕ್ ಆದರೆ 24 ವರ್ಷ, ಹವಾಲ್ದಾರ್ ಆದರೆ 26 ವರ್ಷ ಸೇವೆ ಸಲ್ಲಿಸಿ ಊರಿಗೆ ಮರಳುತ್ತಾನೆ. ಮೂರೂ ಪಡೆಗಳಿಂದ ಹೀಗೆ ವರ್ಷಕ್ಕೆ ಸುಮಾರು 60,000 ಮಂದಿ ನಿವೃತ್ತರಾಗುತ್ತಾರೆ. ಅವರಲ್ಲಿ ಬಹುಪಾಲು ಜನರ ವಯಸ್ಸು 35ರಿಂದ 45ರ ಒಳಗಿರುತ್ತದೆ. ಗಡಿಯಲ್ಲಿ ನಿಲ್ಲುವ ಪಡೆಗೆ ಎಳೆಯ ದೇಹಗಳೇ ಬೇಕಾದ್ದರಿಂದ ಈ ಏರ್ಪಾಡು ಬದಲಾಗುವಂಥದ್ದಲ್ಲ. ಊರಿನವರ ಬಾಯಲ್ಲಿ ಅವರು ‘ರಿಟೈರ್ ಆಗಿ ಬಂದ ಮಿಲಿಟರಿಯವರು’. ಆದರೆ ಅವರ ಜೊತೆಗೇ ಓದಿ ಶಾಲಾ ಶಿಕ್ಷಕರಾದ ಗೆಳೆಯರಿಗೆ ಇನ್ನೂ ಹದಿನೈದು ಇಪ್ಪತ್ತು ವರ್ಷಗಳ ನೌಕರಿ ಬಾಕಿ ಇರುತ್ತದೆ, ಮತ್ತು ಈ ಸೈನಿಕರ ಮಕ್ಕಳು ಆಗಷ್ಟೇ ಹೈಸ್ಕೂಲು ಮೆಟ್ಟಿಲು ಹತ್ತಿರುತ್ತಾರೆ.

ಪಿಂಚಣಿ ಬರುತ್ತದಲ್ಲ, ಮತ್ತೇಕೆ ನೌಕರಿ ಎಂದು ಕೇಳುವವರಿದ್ದಾರೆ. ಪಿಂಚಣಿಯ ಮೂಲ ಮೊತ್ತ ಕೊನೆಯ ವೇತನದ ಅರ್ಧದಷ್ಟು. ಸೇನೆಯವರಿಗೆ ಅದರಲ್ಲಿ ಶೇ 50ರವರೆಗೆ ಕಮ್ಯುಟ್ ಮಾಡಿಸಿ ಇಡಿಗಂಟಾಗಿ ಪಡೆಯುವ ಅವಕಾಶವಿದೆ. ಮನೆ ಕಟ್ಟಿಸಲು, ಸಾಲ ತೀರಿಸಲು ಹೆಚ್ಚಿನವರು ಅದನ್ನು ಬಳಸಿಕೊಳ್ಳುತ್ತಾರೆ. ಹಾಗೆ ಪಡೆದ ಭಾಗವು ಮುಂದಿನ 15 ವರ್ಷ ತಿಂಗಳ ಪಿಂಚಣಿಯಲ್ಲಿ ಕಡಿತವಾಗುತ್ತದೆ. ತುಟ್ಟಿಭತ್ಯೆ ಪೂರ್ಣ ಪಿಂಚಣಿಯ ಮೇಲೆಯೇ ಸಿಗುತ್ತದೆ ಎಂಬ ಸಮಾಧಾನವಿದ್ದರೂ, ಕ್ವಾರ್ಟರ್ಸ್, ರೇಷನ್, ಭತ್ಯೆಗಳೆಲ್ಲ ಒಂದೇ ದಿನ ನಿಂತುಹೋಗುವುದರಿಂದ ಖರ್ಚು ಏರುವ ಕಾಲಕ್ಕೆ ಸರಿಯಾಗಿ ಆದಾಯ ಇಳಿಯುತ್ತದೆ. ಇಷ್ಟು ಲೆಕ್ಕ ಹಾಕಿದರೆ, ಎರಡನೆಯ ನೌಕರಿ ಎನ್ನುವುದು ಸೈನಿಕನ ಕುಟುಂಬಕ್ಕೆ ಹೆಚ್ಚುವರಿ ಸಂಪಾದನೆಯಲ್ಲ, ಅಗತ್ಯ ಎಂಬುದು ತಿಳಿಯುತ್ತದೆ.

ಇವರಿಗಾಗಿ ಇರುವ ಸೌಲಭ್ಯಗಳು ಕಡಿಮೆಯೇನಲ್ಲ. ಆದರೆ ಅವು ಕೈಗೆಟಕುವುದು ನಿಯಮದ ಪದಗಳನ್ನು ಸರಿಯಾಗಿ ಓದಿದವರಿಗೆ ಮತ್ತು ಸೇವೆಯಲ್ಲಿರುವಾಗಲೇ ಕಾಗದಪತ್ರ, ಓದು ಎರಡನ್ನೂ ಜೋಡಿಸಿಕೊಂಡವರಿಗೆ ಮಾತ್ರ. ಊರಿಗೆ ಬಂದು ಆರು ತಿಂಗಳು ವಿಶ್ರಾಂತಿ ಪಡೆದು ಆಮೇಲೆ ನೋಡೋಣ ಎಂದುಕೊಂಡವರಲ್ಲಿ ಬಹಳಷ್ಟು ಜನ, ತಮ್ಮ ಅರ್ಹತೆಗಿಂತ ಎಷ್ಟೋ ಕೆಳಗಿನ ಕೆಲಸಕ್ಕೆ ಒಪ್ಪಿಕೊಂಡಿರುವುದನ್ನು ಕಂಡು ನನಗೆ ನೋವಾಗಿದೆ.

ಮೊದಲು ‘ಮಾಜಿ ಸೈನಿಕ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಸೇನೆಯಲ್ಲಿ ಕೆಲಸ ಮಾಡಿ ಬಂದವರೆಲ್ಲ ಕಾನೂನಿನ ಅರ್ಥದಲ್ಲಿ ಮಾಜಿ ಸೈನಿಕರಲ್ಲ. ಕೇಂದ್ರದ ಹುದ್ದೆಗಳಿಗೆ ಇದನ್ನು ನಿರ್ಧರಿಸುವುದು ಮಾಜಿ ಸೈನಿಕರ ಮರುನೇಮಕಕ್ಕೆ ಸಂಬಂಧಿಸಿದ 1979ರ ನಿಯಮಗಳು. ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿ ಯಾವುದೇ ದರ್ಜೆಯಲ್ಲಿ ಸೇವೆ ಸಲ್ಲಿಸಿ ಪಿಂಚಣಿಯೊಂದಿಗೆ ಬಿಡುಗಡೆಯಾದವರು, ಸೇವೆಯ ಕಾರಣದಿಂದಲೇ ಉಂಟಾದ ಗಾಯ ಅಥವಾ ಕಾಯಿಲೆಯಿಂದ ವೈದ್ಯಕೀಯ ಪಿಂಚಣಿ ಪಡೆದು ಹೊರಬಂದವರು, ಪಡೆಯ ಸಂಖ್ಯೆ ಕಡಿತಗೊಳಿಸಿದಾಗ ಬಿಡುಗಡೆಯಾದವರು, ಹಾಗೂ ಅಲ್ಪಾವಧಿ ಸೇವೆಯ ಅಧಿಕಾರಿಗಳಂತೆ ಗೊತ್ತುಪಡಿಸಿದ ಅವಧಿಯನ್ನು ಮುಗಿಸಿ ಗ್ರ್ಯಾಚುಟಿ ಪಡೆದವರು ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಸ್ವಂತ ಕೋರಿಕೆಯ ಮೇಲೆ ಸೇವೆ ಬಿಟ್ಟವರ ವಿಷಯ ಹಾಗಲ್ಲ. ಪಿಂಚಣಿಗೆ ಅರ್ಹರಾದ ನಂತರ ಬಿಟ್ಟರೆ ಅವರು ಮಾಜಿ ಸೈನಿಕರು. ಅದಕ್ಕೆ ಮುಂಚೆಯೇ ಬಿಟ್ಟರೆ ಅಲ್ಲ. ಜವಾನರಿಗೆ ಪಿಂಚಣಿ ದೊರೆಯಲು ಕನಿಷ್ಠ 15 ವರ್ಷಗಳ ಸೇವೆ ಬೇಕು, ಅಧಿಕಾರಿಗಳಿಗೆ 20 ವರ್ಷ. ತಂದೆತಾಯಿಯ ಕಾಯಿಲೆ, ಜಮೀನಿನ ತಂಟೆ, ಮಕ್ಕಳ ಓದು ಎಂದು ಹದಿಮೂರು ಹದಿನಾಲ್ಕನೆಯ ವರ್ಷದಲ್ಲಿ ಬಿಡುಗಡೆ ಕೇಳುವ ಸೈನಿಕ ಪಿಂಚಣಿಯನ್ನು ಕಳೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಮುಂದಿನ ಜೀವನದುದ್ದಕ್ಕೂ ದೊರೆಯಬಹುದಾಗಿದ್ದ ಮೀಸಲಾತಿ ಮತ್ತು ವಯೋಮಿತಿ ಸಡಿಲಿಕೆಯನ್ನೂ ಅವರು ಅದೇ ಅರ್ಜಿಯಲ್ಲಿ ಬಿಟ್ಟುಕೊಡುತ್ತಾರೆ ಎಂಬುದನ್ನು ಸಹಿ ಹಾಕುವ ಮುಂಚೆ ಯಾರಾದರೂ ಅವರಿಗೆ ಬಿಡಿಸಿ ಹೇಳಬೇಕು.

ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮುಂತಾದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳವರ ಬದುಕು ಸೈನಿಕರಷ್ಟೇ ಕಷ್ಟದ್ದಾದರೂ ಅವು ಗೃಹ ಸಚಿವಾಲಯದ ಅಧೀನದಲ್ಲಿರುವುದರಿಂದ ಅಲ್ಲಿಂದ ನಿವೃತ್ತರಾದವರು ಈ ವ್ಯಾಖ್ಯೆಯಲ್ಲಿ ಸೇರುವುದಿಲ್ಲ. ಅರ್ಜಿಯಲ್ಲಿ ‘ಮಾಜಿ ಸೈನಿಕ’ ಎಂದು ಗುರುತು ಹಾಕಿ, ದಾಖಲೆ ಪರಿಶೀಲನೆಯ ದಿನ ಹೊರಬೀಳುವುದಕ್ಕಿಂತ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ಮೀಸಲಾತಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 10, ಹಿಂದೆ ಗ್ರೂಪ್ ಡಿ ಎನಿಸಿಕೊಂಡಿದ್ದ ಹುದ್ದೆಗಳಲ್ಲಿ ಶೇ 20 ಮಾಜಿ ಸೈನಿಕರಿಗೆ ಮೀಸಲು. ಸಾರ್ವಜನಿಕ ವಲಯದ ಬ್ಯಾಂಕುಗಳು ಮತ್ತು ಕೇಂದ್ರೋದ್ಯಮಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 14.5 ಮತ್ತು ಶೇ 24.5, ಇದರೊಳಗಿನ ಶೇ 4.5 ಭಾಗವು ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ ಸೇರಿದ್ದು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳಂತಹ ಕೇಂದ್ರೋದ್ಯಮಗಳು ನಮ್ಮ ನೆಲದಲ್ಲೇ ಇರುವುದು ಕರ್ನಾಟಕದ ತಾಂತ್ರಿಕ ಸೈನಿಕರಿಗೆ ಇರುವ ಅನುಕೂಲ. ಕರ್ನಾಟಕ ಸರ್ಕಾರವೂ ತನ್ನ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಸಮತಲ ಮೀಸಲಾತಿ ನೀಡುತ್ತದೆ.

ಈ ‘ಸಮತಲ’ ಎಂಬ ಪದ ಅನೇಕರನ್ನು ತೊಡಕಿಗೆ ಸಿಲುಕಿಸಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಇರುವುದು ಲಂಬ ಮೀಸಲಾತಿ. ಒಟ್ಟು ಹುದ್ದೆಗಳನ್ನು ಅದು ಬೇರೆ ಬೇರೆ ಕಂಬಗಳಾಗಿ ನಿಲ್ಲಿಸುತ್ತದೆ ಎಂದುಕೊಳ್ಳಿ. ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರ ಮೀಸಲಾತಿ ಆ ಎಲ್ಲ ಕಂಬಗಳನ್ನೂ ಅಡ್ಡಲಾಗಿ ಹಾದುಹೋಗುವ ತೊಲೆಯಂತೆ. ಈ ಭೇದವನ್ನು ಸುಪ್ರೀಂ ಕೋರ್ಟ್ 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಪ್ರವರ್ಗ 2ಎಗೆ ಸೇರಿದ ಮಾಜಿ ಸೈನಿಕರು ಸ್ಪರ್ಧಿಸುವುದು ಎಲ್ಲ ಮಾಜಿ ಸೈನಿಕರೊಂದಿಗಲ್ಲ, 2ಎ ಕಂಬದೊಳಗೆ ಮೀಸಲಿಟ್ಟ ಸ್ಥಾನಗಳಿಗಾಗಿ ಅದೇ ಪ್ರವರ್ಗದ ಇತರ ಮಾಜಿ ಸೈನಿಕರೊಂದಿಗೆ. ಇದರಿಂದ ಎರಡು ಪರಿಣಾಮಗಳಿವೆ. ಒಂದು, ಸೇನೆಯ ಬಿಡುಗಡೆ ದಾಖಲೆಯಾದ ಡಿಸ್ಚಾರ್ಜ್ ಬುಕ್ಕಿನಷ್ಟೇ ಮುಖ್ಯವಾಗಿ ರಾಜ್ಯದ ನಮೂನೆಯಲ್ಲಿರುವ ಜಾತಿ ಮತ್ತು ಆದಾಯ ಪ್ರಮಾಣಪತ್ರವೂ ಬೇಕು. ಇಪ್ಪತ್ತು ವರ್ಷ ತಹಶೀಲ್ದಾರ್ ಕಚೇರಿಯ ಮುಖ ನೋಡದ ಸೈನಿಕರು ಎಡವುವುದು ಇಲ್ಲಿಯೇ. ಇನ್ನೊಂದು, ಆ ಕಂಬದಲ್ಲಿ ಅರ್ಹ ಮಾಜಿ ಸೈನಿಕರು ಸಿಗದಿದ್ದರೆ ಸ್ಥಾನವು ಖಾಲಿ ಉಳಿಯುವುದಿಲ್ಲ, ಅದೇ ಪ್ರವರ್ಗದ ಬೇರೆ ಅಭ್ಯರ್ಥಿಗೆ ಹೋಗುತ್ತದೆ, ಮುಂದಿನ ನೇಮಕಾತಿಗೂ ಅದು ಉಳಿಕೆಯಾಗಿ ಬರುವುದಿಲ್ಲ. ಅರ್ಜಿ ಹಾಕುವವರ, ಹಾಕಿದವರಲ್ಲಿ ಕನಿಷ್ಠ ಅಂಕ ದಾಟುವವರ ಸಂಖ್ಯೆ ಕಡಿಮೆಯಾದ ಕಾರಣ ಮಾಜಿ ಸೈನಿಕರಿಗೆ ಮೀಸಲಾದ ಸ್ಥಾನಗಳು ಹೀಗೆ ಸದ್ದಿಲ್ಲದೆ ಕೈತಪ್ಪುತ್ತವೆ.

ವಯಸ್ಸು ಮೀರಿತು ಎಂದು ಅರ್ಜಿಯನ್ನೇ ಹಾಕದವರೂ ಇದ್ದಾರೆ. ನಿಯಮದ ಲೆಕ್ಕ ಸರಳವಾಗಿದೆ: ಈಗಿನ ವಯಸ್ಸಿನಿಂದ ಸೇನೆಯ ಸೇವಾವಧಿಯನ್ನು ಕಳೆಯಬೇಕು, ಉಳಿದ ಸಂಖ್ಯೆ ಆ ಹುದ್ದೆಯ ಗರಿಷ್ಠ ವಯೋಮಿತಿಗಿಂತ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು. 43 ವರ್ಷದ ಹವಾಲ್ದಾರರು 24 ವರ್ಷ ಸೇವೆ ಸಲ್ಲಿಸಿದ್ದರೆ ಅವರ ಲೆಕ್ಕದ ವಯಸ್ಸು 19. ಕರ್ನಾಟಕದ ನೇಮಕಾತಿಯಲ್ಲಿಯೂ ಸೇವಾವಧಿಗೆ ಮೂರು ವರ್ಷ ಸೇರಿಸಿ ಸಡಿಲಿಕೆ ಕೊಡುವ ಪದ್ಧತಿಯೇ ಇದೆ. ಬ್ಯಾಂಕ್ ಗುಮಾಸ್ತರ ಹುದ್ದೆಯಂತಹ ಕೆಲವೆಡೆ ಮಾತ್ರ, ಎಷ್ಟೇ ಸಡಿಲಿಕೆಯಿದ್ದರೂ 50 ವರ್ಷ ಮೀರಬಾರದು ಎಂಬ ಮೇಲ್ಮಿತಿ ಇರುತ್ತದೆ.

ವಿದ್ಯಾರ್ಹತೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಎಸ್‌ಎಸ್‌ಎಲ್‌ಸಿ ಅಥವಾ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಹೊಂದಿದ್ದು, 15 ವರ್ಷಕ್ಕಿಂತ ಕಡಿಮೆಯಿಲ್ಲದ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು ಪದವಿ ಬೇಕಾದ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು ಎಂದು 1979ರ ನಿಯಮಗಳು ಹೇಳುತ್ತವೆ. ಇದು ದೊಡ್ಡ ಉಪಕಾರ. ಆದರೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರುವ ಹುದ್ದೆಗಳಿಗೆ ಇದು ಅನ್ವಯಿಸುವುದಿಲ್ಲ, ಮತ್ತು ‘ಅರ್ಹರೆಂದು ಪರಿಗಣಿಸುವುದು’ ಎಂದರೆ ಪದವಿ ಕೊಟ್ಟಂತಲ್ಲ. ಸೇನೆಯಿಂದ ಬಂದ ಆ ಪ್ರಮಾಣಪತ್ರವನ್ನು ಖಾಸಗಿ ಕಂಪನಿಯ ಮುಂದೆ ಅಥವಾ ಸ್ನಾತಕೋತ್ತರ ಪದವಿಯ ಪ್ರವೇಶಕ್ಕೆ ಪದವಿಯೆಂದು ತೋರಿಸಲಾಗದು. ಸೇವೆಯಲ್ಲಿರುವಾಗಲೇ ದೂರಶಿಕ್ಷಣದ ಮೂಲಕ ನಿಜವಾದ ಪದವಿ ಮುಗಿಸಿಕೊಂಡವರಿಗೆ ಈ ಗೊಂದಲವೇ ಇರುವುದಿಲ್ಲ. ಮೂರು ವರ್ಷಗಳ ಓದಿಗೆ ಶಾಂತಿಯುತ ನೆಲೆಯ ಒಂದು ಪೋಸ್ಟಿಂಗ್ ಸಾಕಾಗುತ್ತದೆ.

ರಾಜ್ಯದ ಹುದ್ದೆಗಳಿಗೆ ಬರುವವರು ಎದುರಿಸುವ ಇನ್ನೊಂದು ತಡೆಯನ್ನು ಹೇಳಲೇಬೇಕು. ಕರ್ನಾಟಕ ಲೋಕಸೇವಾ ಆಯೋಗದ ಬಹಳಷ್ಟು ನೇಮಕಾತಿಗಳಲ್ಲಿ ಎಸ್‌ಎಸ್‌ಎಲ್‌ಸಿ ಮಟ್ಟದ ಕಡ್ಡಾಯ ಕನ್ನಡ ಪರೀಕ್ಷೆ ಇರುತ್ತದೆ. 150 ಅಂಕಗಳಿಗೆ ಕನಿಷ್ಠ 50 ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಗಳಿಸಿದರೂ ಪ್ರಯೋಜನವಿಲ್ಲ. ಕನ್ನಡವೇ ಮನೆಮಾತಾದವರಿಗೆ ಇದೇನು ಮಹಾ ಎನಿಸಬಹುದು. ಆದರೆ ಎರಡು ದಶಕ ಹಿಂದಿಯಲ್ಲಿ ಆಜ್ಞೆ ಕೇಳಿ, ಹಿಂದಿಯಲ್ಲಿ ವರದಿ ಒಪ್ಪಿಸಿ, ಮನೆಗೆ ಫೋನಿನಲ್ಲಿ ಮಾತ್ರ ಕನ್ನಡ ಆಡಿದ ಕೈಗೆ ಪ್ರಬಂಧ, ಪತ್ರಲೇಖನ, ಸಂಕ್ಷೇಪ ಲೇಖನ ಸುಲಭವಾಗಿ ಒಲಿಯುವುದಿಲ್ಲ. ಒತ್ತಕ್ಷರ ತಪ್ಪುತ್ತದೆ, ಬರೆಯುವ ವೇಗ ಬರುವುದಿಲ್ಲ. ನಿವೃತ್ತಿಗೆ ಒಂದು ವರ್ಷವಿರುವಾಗಲೇ ದಿನಕ್ಕೊಂದು ಪುಟ ಕನ್ನಡ ಬರೆಯುವ ಅಭ್ಯಾಸ ಮಾಡಿದರೆ ಈ ತಡೆ ಬಹಳ ಮಟ್ಟಿಗೆ ನಿವಾರಣೆಯಾಗುತ್ತದೆ.

ಆ ಕೊನೆಯ ಒಂದು ವರ್ಷಕ್ಕೆ ನಿಯಮದಲ್ಲಿಯೂ ವಿಶೇಷ ಸ್ಥಾನವಿದೆ. ಒಪ್ಪಂದದ ಸೇವಾವಧಿ ಮುಗಿಯಲು ಒಂದು ವರ್ಷ ಇರುವಾಗಿನಿಂದಲೇ ಸೈನಿಕರು ನಾಗರಿಕ ಹುದ್ದೆಗಳಿಗೆ ಅರ್ಜಿ ಸಲ್ಲಿಸಬಹುದು, ಮಾಜಿ ಸೈನಿಕರಿಗಿರುವ ಸೌಲಭ್ಯಗಳನ್ನೂ ಪಡೆಯಬಹುದು. ಆದರೆ ಸೇವೆ ಮುಗಿಯುವವರೆಗೆ ಸಮವಸ್ತ್ರ ಬಿಡುವಂತಿಲ್ಲ. ಇದಕ್ಕೆ ತಮ್ಮ ಘಟಕದಿಂದ ಎನ್‌ಒಸಿ ಮತ್ತು ಬಿಡುಗಡೆಯ ದಿನಾಂಕ ನಮೂದಿಸಿದ ಪ್ರಮಾಣಪತ್ರ ಬೇಕು. ನೇಮಕಾತಿಯ ಅಧಿಸೂಚನೆಯಿಂದ ಆಯ್ಕೆಪಟ್ಟಿಯವರೆಗೆ ಒಂದು ವರ್ಷವಾದರೂ ಹಿಡಿಯುವುದು ಸಾಮಾನ್ಯವಾದ್ದರಿಂದ, ಈ ಅವಕಾಶ ಬಳಸಿಕೊಂಡವರು ಊರಿಗೆ ಬರುವ ಹೊತ್ತಿಗೆ ಫಲಿತಾಂಶದ ಹೊಸ್ತಿಲಲ್ಲಿರುತ್ತಾರೆ.

ಮೀಸಲಾತಿಯ ಸೌಲಭ್ಯವನ್ನು ಒಮ್ಮೆ ಬಳಸಿ ಸರ್ಕಾರಿ ಕೆಲಸಕ್ಕೆ ಸೇರಿದರೆ, ಮುಂದಿನ ನೇಮಕಾತಿಗಳಲ್ಲಿ ಆ ವ್ಯಕ್ತಿಯನ್ನು ಮಾಜಿ ಸೈನಿಕ ಎಂದು ಪರಿಗಣಿಸುವುದಿಲ್ಲ. ಹೀಗಾಗಿ ಮೊದಲು ಸಿಕ್ಕ ಕೆಳಹಂತದ ಹುದ್ದೆಗೆ ಆತುರದಿಂದ ಸೇರಿ, ಆಮೇಲೆ ದೊಡ್ಡ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಾಗ ಕೈಕೈ ಹಿಸುಕಿಕೊಂಡವರು ಹಿಂದೆ ಅನೇಕರಿದ್ದರು. ಕೇಂದ್ರದ ಸಿಬ್ಬಂದಿ ಇಲಾಖೆ 2014ರ ಆಗಸ್ಟ್ 14ರಂದು ಹೊರಡಿಸಿದ ಜ್ಞಾಪನ ಪತ್ರ ಇದಕ್ಕೆ ಪರಿಹಾರ ಕೊಟ್ಟಿತು: ಮೊದಲ ಹುದ್ದೆಗೆ ಸೇರುವ ಮುನ್ನವೇ ಬೇರೆ ಯಾವ ಯಾವ ಹುದ್ದೆಗಳಿಗೆ ಅರ್ಜಿ ಸಲ್ಲಿಸಲಾಗಿದೆ ಎಂಬ ವಿವರವನ್ನು, ದಿನಾಂಕಗಳ ಸಹಿತ, ಸೇರಿದ ಕೂಡಲೇ ಕಚೇರಿಗೆ ಸ್ವಯಂ ಘೋಷಣೆಯಾಗಿ ಕೊಟ್ಟಿದ್ದರೆ ಆ ಅರ್ಜಿಗಳ ಮಟ್ಟಿಗೆ ಸೌಲಭ್ಯ ಮುಂದುವರಿಯುತ್ತದೆ. ಖಾಸಗಿ ಕೆಲಸ ಅಥವಾ ಗುತ್ತಿಗೆ, ದಿನಗೂಲಿ ಕೆಲಸಕ್ಕೆ ಸೇರಿದ್ದರೆ ಸೌಲಭ್ಯ ಕಳೆದುಹೋಗುವುದಿಲ್ಲ. ಒಂದು ಹಾಳೆಯ ಈ ಘೋಷಣೆಯನ್ನು ಕೊಡಲು ಮರೆಯಬಾರದು, ಮತ್ತು ಅದರ ಸ್ವೀಕೃತಿ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮರುನೇಮಕವಾದರೆ ಪಿಂಚಣಿ ನಿಲ್ಲುತ್ತದೆ ಎಂಬ ಭಯವೂ ಹಳ್ಳಿಗಳಲ್ಲಿದೆ. ಕೇಂದ್ರದ ನಾಗರಿಕ ಹುದ್ದೆಗೆ ಸೇರುವ, ಅಧಿಕಾರಿ ದರ್ಜೆಗಿಂತ ಕೆಳಗಿನ ಮಾಜಿ ಸೈನಿಕರ ವೇತನ ನಿಗದಿಯಲ್ಲಿ ಪಿಂಚಣಿಯನ್ನು ಪೂರ್ತಿಯಾಗಿ ಲೆಕ್ಕದಿಂದ ಹೊರಗಿಡಲಾಗುತ್ತದೆ. ಅವರಿಗೆ ಪಿಂಚಣಿ, ಸಂಬಳ ಎರಡೂ ದೊರೆಯುತ್ತವೆ.

ಊರಿಗೆ ಬಂದ ಮೇಲೆ ಮೊದಲು ಹೋಗಬೇಕಾದದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪ ನಿರ್ದೇಶಕರ ಕಚೇರಿಗೆ. ಜನ ಅದನ್ನು ಸೈನಿಕ ಬೋರ್ಡ್ ಎನ್ನುತ್ತಾರೆ. ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶ ತೋರಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಪಡೆಯುವುದು, ಉದ್ಯೋಗಕ್ಕಾಗಿ ಹೆಸರು ನೋಂದಾಯಿಸುವುದು ಇಲ್ಲಿಯೇ. ಇಲಾಖೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರಿನ ಭವನದಲ್ಲಿದೆ. ನಿವೃತ್ತರ ಹಿತಕ್ಕಾಗಿ 1964ರಲ್ಲಿ ಮಾಜಿ ಸೈನಿಕರ ಸಂಘಟನೆಯನ್ನು ಕಟ್ಟಿದವರು ಅವರೇ ಆದ್ದರಿಂದ ಆ ಹೆಸರು ಅಲ್ಲಿಗೆ ಒಪ್ಪುವಂಥದ್ದು.

ಸರ್ಕಾರಿ ಹುದ್ದೆ ಎಲ್ಲರಿಗೂ ಸಿಗುವಷ್ಟಿಲ್ಲ. ಉಳಿದವರಲ್ಲಿ ಬಹಳ ಮಂದಿಯ ಪಾಲಿಗೆ ಬರುವುದು ಸೆಕ್ಯುರಿಟಿ ಕೆಲಸ. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕಾಗಿ ಬಂದ 2005ರ ಕಾಯ್ದೆಯು ಸೇನೆಯಲ್ಲಿದ್ದವರಿಗೆ ಆದ್ಯತೆ ನೀಡಬಹುದೆಂದು ಹೇಳುತ್ತದೆ. ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಮಾಜಿ ಸೈನಿಕರೇ ನಡೆಸುವ ಭದ್ರತಾ ಸಂಸ್ಥೆಗಳನ್ನು ಪಟ್ಟಿಮಾಡಿ ಸಾರ್ವಜನಿಕ ಉದ್ಯಮಗಳಿಗೆ ಶಿಫಾರಸು ಮಾಡುತ್ತದೆ. ಅಲ್ಲಿ ಕೇಂದ್ರದ ಕನಿಷ್ಠ ವೇತನದ ದರದಲ್ಲಿ, ಶಸ್ತ್ರಸಹಿತ ಮತ್ತು ಶಸ್ತ್ರರಹಿತ ಎಂದು ವಿಂಗಡಿಸಿ ಕೂಲಿ ನಿಗದಿಯಾಗುತ್ತದೆ. ಈ ವೃತ್ತಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಹತ್ತಾರು ಜನರ ತುಕಡಿಯನ್ನು ಮಂಜಿನಲ್ಲಿ ನಡೆಸಿ ಬಂದ ಸುಬೇದಾರರು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ನಿಂತು ವಾಹನ ಸಂಖ್ಯೆ ಬರೆದುಕೊಳ್ಳುವುದು, ಅವರು ಬೇರೆ ದಾರಿಗಳನ್ನು ತೂಗಿ ನೋಡಿ ಆರಿಸಿಕೊಂಡದ್ದಾಗಿರಬೇಕೇ ಹೊರತು, ಬೇರೇನೂ ತಿಳಿಯದೆ ಬಂದು ಸೇರಿದ್ದಾಗಿರಬಾರದು. ಸೇರುವುದೇ ಆದರೆ ಪಾಳಿಯ ಗಂಟೆ, ಹೆಚ್ಚುವರಿ ಗಂಟೆಯ ಕೂಲಿ, ಭವಿಷ್ಯನಿಧಿಯ ವಂತಿಗೆ, ವಾರದ ರಜೆ ಇವಿಷ್ಟನ್ನು ಬರಹದಲ್ಲಿ ಪಡೆಯಬೇಕು.

ಬೇರೆ ದಾರಿಗಳು ಕಾಣದಿರಲು ಮುಖ್ಯ ಕಾರಣ ಭಾಷೆ. ‘ಸಿಕ್ಯೂಎಂಎಚ್ ಆಗಿ ಮೂರು ವರ್ಷ’ ಎಂದು ಬಯೋಡೇಟಾದಲ್ಲಿ ಬರೆದರೆ ನೆಲಮಂಗಲ ಅಥವಾ ಹೊಸಕೋಟೆಯ ಗೋದಾಮಿನ ವ್ಯವಸ್ಥಾಪಕರಿಗೆ ಏನೂ ಅರ್ಥವಾಗುವುದಿಲ್ಲ. ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರರು ಮಾಡುವುದು ನೂರಕ್ಕೂ ಹೆಚ್ಚು ಜನರ ಊಟ, ಬಟ್ಟೆ, ಸಾಮಗ್ರಿಗಳ ಬೇಡಿಕೆ ಅಂದಾಜು ಮಾಡಿ, ತರಿಸಿ, ಲೆಜರ್‌ನಲ್ಲಿ ಏರಿಸಿ, ಒಂದು ವಸ್ತುವೂ ಕಡಿಮೆಯಾಗದಂತೆ ಲೆಕ್ಕ ಒಪ್ಪಿಸುವ ಕೆಲಸ. ಇದನ್ನು ‘ದಾಸ್ತಾನು ನಿರ್ವಹಣೆ, ಖರೀದಿ ಬೇಡಿಕೆ, ಲೆಕ್ಕ ತಪಾಸಣೆ’ ಎಂದು ಬರೆದರೆ ಅದೇ ವ್ಯವಸ್ಥಾಪಕರು ಹುಡುಕುತ್ತಿರುವ ವ್ಯಕ್ತಿ ಇವರೇ ಆಗುತ್ತಾರೆ. ಸೇನೆಯ ಯಂತ್ರ ದುರಸ್ತಿ ವಿಭಾಗವಾದ ಇಎಂಇಯ ವಾಹನ ಮೆಕ್ಯಾನಿಕ್, ಸಿಗ್ನಲ್ಸ್‌ನ ತಂತ್ರಜ್ಞ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಎಲೆಕ್ಟ್ರಿಷಿಯನ್, ಕ್ಲರ್ಕ್ ಎಲ್ಲರೂ ಹೀಗೆ ತಮ್ಮ ದಿನಚರಿಯನ್ನು ನಾಗರಿಕ ಮಾತಿಗೆ ಇಳಿಸಿಕೊಳ್ಳಬೇಕು; ಜೊತೆಗೆ ಸೇನೆಯ ಟ್ರೇಡ್ ಯಾವ ನಾಗರಿಕ ಕೌಶಲಕ್ಕೆ ಸಮ ಎಂಬ ಪ್ರಮಾಣಪತ್ರವನ್ನು ದಾಖಲೆ ಕಚೇರಿಯಿಂದ ಬಿಡುಗಡೆಯ ಸಮಯದಲ್ಲಿಯೇ ಪಡೆಯಬೇಕು. ಎಲ್ಲ ಅನುಭವಕ್ಕೂ ಹೊರಗೆ ಮಾನ್ಯತೆ ಸಿಗುತ್ತದೆ ಎಂದು ನಂಬಬಾರದು. ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದವರು ನೋಂದಾಯಿತ ಶುಶ್ರೂಷಕರಾಗಲು ಪ್ರತ್ಯೇಕ ಕೋರ್ಸ್ ಮಾಡಲೇಬೇಕು. ಸೇನೆಯ ಭಾರೀ ವಾಹನ ಓಡಿಸಿದವರಿಗೂ ಸಾರಿಗೆ ಕಚೇರಿಯ ಪರವಾನಗಿ ಕೈಯಲ್ಲಿರಬೇಕು.

ನಿವೃತ್ತಿಯ ಅಂಚಿನಲ್ಲಿರುವವರಿಗೆ ಡಿಜಿಆರ್ ದೇಶದ ವಿವಿಧ ಸಂಸ್ಥೆಗಳಲ್ಲಿ ಪುನರ್ವಸತಿ ಕೋರ್ಸ್‌ಗಳನ್ನು ನಡೆಸುತ್ತದೆ. ಜವಾನರು ಮತ್ತು ಜೆಸಿಒಗಳ, ಅಂದರೆ ಸುಬೇದಾರರಂಥವರ, ಶುಲ್ಕವನ್ನು ಪೂರ್ತಿಯಾಗಿ ಸರ್ಕಾರವೇ ಭರಿಸುತ್ತದೆ, ಅಧಿಕಾರಿಗಳು ಶೇ 40ರಷ್ಟು ಕಟ್ಟಬೇಕು. ಅಧಿಕಾರಿಗಳಿಗೆ ಐಐಎಂಗಳಲ್ಲಿ 24 ವಾರಗಳ ನಿರ್ವಹಣಾ ಕೋರ್ಸ್‌ನಂತಹ ಅವಕಾಶಗಳೂ ಇರುವುದರಿಂದ ಅವರ ದಾರಿ ಸ್ವಲ್ಪ ಸಲೀಸು. ಜವಾನರಲ್ಲಿ ಅನೇಕರು ಈ ಕೋರ್ಸ್ ಅವಧಿಯನ್ನು ಊರಿಗೆ ಹತ್ತಿರವಾಗಿರುವ ರಜೆಯಂತೆ ಕಳೆಯುತ್ತಾರೆ. ಊರಿನ ಹತ್ತಿರದ ಕೋರ್ಸ್‌ಗಿಂತ ತಮ್ಮ ಟ್ರೇಡ್‌ಗೆ ಹೊಂದುವ ಕೋರ್ಸ್ ಆರಿಸಿಕೊಂಡರೆ ಅದರಿಂದ ನೌಕರಿಯ ಬಾಗಿಲು ತೆರೆಯುತ್ತದೆ.

ಅಗ್ನಿವೀರರ ವಿಷಯ ಇವೆಲ್ಲಕ್ಕಿಂತ ಭಿನ್ನವಾದದ್ದು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಡಿ ಸೇರಿದವರ ಸೇವೆ ನಾಲ್ಕು ವರ್ಷ; ಅವರಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಸೇವೆಗೆ ಆಯ್ಕೆಯಾಗುತ್ತಾರೆ. ಉಳಿದವರಿಗೆ ಸುಮಾರು ₹11.71 ಲಕ್ಷದ ತೆರಿಗೆರಹಿತ ಸೇವಾನಿಧಿ ದೊರೆಯುತ್ತದೆ, ಪಿಂಚಣಿಯಾಗಲಿ ಗ್ರ್ಯಾಚುಟಿಯಾಗಲಿ ಇಲ್ಲ. ಯೋಜನೆಯ ಷರತ್ತುಗಳ ಪ್ರಕಾರ ಅವರಿಗೆ ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲವಾದ್ದರಿಂದ, ಮೇಲೆ ವಿವರಿಸಿದ ಮೀಸಲಾತಿ, ವಯೋಮಿತಿಯ ಲೆಕ್ಕ ಯಾವುದೂ ಅವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಶೇ 10ರ ಮೀಸಲಾತಿಯನ್ನು, ಮೊದಲ ತಂಡಕ್ಕೆ ಐದು ವರ್ಷ ಮತ್ತು ನಂತರದವರಿಗೆ ಮೂರು ವರ್ಷಗಳ ವಯೋಮಿತಿ ಸಡಿಲಿಕೆಯನ್ನು 2022ರಲ್ಲೇ ಪ್ರತ್ಯೇಕವಾಗಿ ಘೋಷಿಸಲಾಯಿತು. 2022ರ ಕೊನೆ ಹಾಗೂ 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡಗಳ ಅವಧಿ ಮುಗಿಯುವುದು 2026ರ ಕೊನೆ ಮತ್ತು 2027ರ ಆರಂಭದಲ್ಲಿ. ಇಪ್ಪತ್ತೆರಡು ಇಪ್ಪತ್ತಮೂರರ ಈ ಯುವಕರ ಪರವಾಗಿರುವುದು ಅವರ ವಯಸ್ಸು. ಹತ್ತನೇ ತರಗತಿ ಮುಗಿಸಿ ಸೇರಿದವರು ಸೇವೆಯ ನಡುವೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ, ಬಿಡುಗಡೆಯ ವೇಳೆ ಕೌಶಲ ಪ್ರಮಾಣಪತ್ರವೂ ಸಿಗುತ್ತದೆ. ಮಗನ ಸೇವಾನಿಧಿ ಕೈಗೆ ಬರುವ ಮುನ್ನವೇ ಅದಕ್ಕೆ ಸೈಟು, ಟ್ರ್ಯಾಕ್ಟರು ಎಂದು ಲೆಕ್ಕ ಹಾಕುತ್ತಿರುವ ಮನೆಯವರು, ಪದವಿಯ ಮೂರು ವರ್ಷಗಳ ಶುಲ್ಕ ಮತ್ತು ಆತನ ಊಟ ವಸತಿಯ ಖರ್ಚನ್ನು ಮೊದಲು ಬದಿಗೆ ತೆಗೆದಿಟ್ಟು ಉಳಿದದ್ದರ ಬಗ್ಗೆ ಮಾತನಾಡುವುದು ಒಳ್ಳೆಯದು.